ಬಿಸಿಲಲ್ಲಿ ತಣ್ಣಗಿದ್ದ ನಾಣ್ಯ

ಕಣ್ಣಿಗೆ ಕಂಡದ್ದನ್ನೂ ಎರಡು ಸಲ ನೋಡಿ ನಂಬುವವಳು ನಾನು. ಹೈಸ್ಕೂಲಿನಿಂದ ದಿನಚರಿ ಬರೆಯುತ್ತಿದ್ದೇನೆ. ಅದರಲ್ಲಿ ಭಾವನೆಗಳಿಗಿಂತ ಲೆಕ್ಕವೇ ಹೆಚ್ಚು. ಎಷ್ಟು ಮೈಲಿ ಕಾರು ಓಡಿಸಿದೆ, ಆ ದಿನ ಬಿಸಿಲು ಎಷ್ಟಿತ್ತು, ಇಂಥವು. ಯಾರಾದರೂ ವಿಚಿತ್ರ ಅನುಭವ ಹೇಳತೊಡಗಿದರೆ ಮರ್ಯಾದೆಗೆ ಕೇಳಿಸಿಕೊಂಡು ಒಳಗೊಳಗೇ ಕಾರಣ ಹುಡುಕುತ್ತಿದ್ದೆ. ಬಹಳ ಸಲ ಸಿಗುತ್ತಲೂ ಇತ್ತು. ಆಸ್ಟಿನ್‌ನಲ್ಲಿ ಓದುತ್ತಿದ್ದಾಗ ನನಗೇ ಆದ ಈ ಒಂದು ಅನುಭವಕ್ಕೆ ಮಾತ್ರ ಇನ್ನೂ ಸಿಕ್ಕಿಲ್ಲ.

ಹ್ಯೂಸ್ಟನ್ನಿನ ವಿಮಲಾ ಆಂಟಿ ನನ್ನ ಅಮ್ಮನ ಗೆಳತಿಯ ಅಕ್ಕ. ಅವರ ಗಂಡ ಶ್ರೀಪಾದ ಅಂಕಲ್, ತೈಲ ಕಂಪನಿಗಳೇ ತುಂಬಿದ ಅಲ್ಲಿನ ಎನರ್ಜಿ ಕಾರಿಡಾರ್‌ನ ತೈಲ ಕಂಪನಿಯೊಂದರಲ್ಲಿ ಭೂವಿಜ್ಞಾನಿಯಾಗಿದ್ದು ನಿವೃತ್ತರಾದವರು. ರಜೆ ಸಿಕ್ಕಾಗಲೆಲ್ಲ ನಾನು ಅವರ ಮನೆಗೆ ಹೋಗುತ್ತಿದ್ದೆ. ಊಟಕ್ಕಾಗಿ ಎಷ್ಟೋ, ಅವರಿಬ್ಬರ ವಾದ ಕೇಳುವುದಕ್ಕಾಗಿಯೂ ಅಷ್ಟೇ.

ವಾದ ಒಂದು ನಾಣ್ಯದ ಮೇಲೆ. ಟೆಕ್ಸಸ್‌ಗೆ ಬರುವ ಮೊದಲು ಅವರು ದೇಶದ ಈಶಾನ್ಯ ತುದಿಯ ಮೇಯ್ನ್ ರಾಜ್ಯದಲ್ಲಿ, ಕಡಲ ದಂಡೆಯ ಊರೊಂದರಲ್ಲಿದ್ದರು. ಅಲ್ಲಿ ಒಂದು ಬೆಳಿಗ್ಗೆ ವಾಕಿಂಗ್ ಹೋಗಿದ್ದ ಆಂಟಿಗೆ, ಅಲೆ ಕೊರೆದ ಮಣ್ಣಿನ ದಿಬ್ಬದ ಬುಡದಲ್ಲಿ ಬೆಳ್ಳಿಯದೊಂದು ತೆಳು ಬಿಲ್ಲೆ ಸಿಕ್ಕಿತು. ಹೆಬ್ಬೆರಳ ಉಗುರಿನಷ್ಟೇ ಅಗಲ. ಒಂದು ಬದಿಯಲ್ಲಿ ಶಿಲುಬೆ, ಇನ್ನೊಂದರಲ್ಲಿ ಸವೆದುಹೋದ ಯಾವುದೋ ಮೃಗ. ಸಿಕ್ಕಿದ ಬೆಳ್ಳಿ ಲಕ್ಷ್ಮಿ ಎಂದುಕೊಂಡು ಆಂಟಿ ಅದನ್ನು ದೇವರ ಮುಂದೆ ಇಟ್ಟರು. ಅಂದಿನಿಂದ ಪ್ರತಿ ವರಮಹಾಲಕ್ಷ್ಮಿ ಹಬ್ಬಕ್ಕೂ ಪೂಜೆಯ ಬೆಳ್ಳಿ ಸಾಮಾನಿನ ಜೊತೆ ಹುಣಸೆಹಣ್ಣು, ವಿಭೂತಿ ಹಾಕಿ ಉಜ್ಜಿ ತೊಳೆದರು.

ನಿವೃತ್ತಿಯ ನಂತರ ಅಂಕಲ್ ಡಲ್ಲಾಸ್‌ನ ನಾಣ್ಯ ಸಂಗ್ರಾಹಕರ ಸಣ್ಣ ಸಂಘವೊಂದಕ್ಕೆ ಸೇರಿದರು. ಅಲ್ಲಿಯವರೊಬ್ಬರು ನೋಡಿ ಹೇಳಿದ ಮೇಲೆಯೇ ಗೊತ್ತಾದದ್ದು, ಅದು ನಾರ್ವೆಯ ಹಳೆಯ ಪೆನ್ನಿ, ವೈಕಿಂಗ್ ಎಂದು ನಾವು ಕರೆಯುವ ನಾರ್ಸ್ ಜನರ ಕಾಲಕ್ಕೆ ಸೇರಿದ್ದು ಎಂದು. ಆ ನಾವಿಕರು ಸುಮಾರು ಸಾವಿರ ವರ್ಷದ ಹಿಂದೆ ಈ ಖಂಡದ ಉತ್ತರದ ಅಂಚಿಗೆ ಬಂದಿದ್ದರೆಂಬುದು ಖಚಿತ. ಅವರ ನಾಣ್ಯ ಅಷ್ಟು ದಕ್ಷಿಣಕ್ಕೆ ಹೇಗೆ ಬಂತು ಎಂಬುದೇ ಪ್ರಶ್ನೆ. ಆಗಲೇ ಬಂದು ಮಣ್ಣು ಸೇರಿತೋ, ಇಲ್ಲ ಈಚೆಗೆ ಯಾರೋ ಸಂಗ್ರಾಹಕರ ಜೇಬಿನಿಂದ ಬಿತ್ತೋ? ಸಂಘದವರೊಬ್ಬರು ನಗುತ್ತಾ, ಯಾವುದೋ ಹಳೇ ಸಾಮಾನಿನ ಅಂಗಡಿಯಲ್ಲಿ ಕೊಂಡು ಮರೆತಿರಬೇಕು ಎಂದಿದ್ದರು. ಆಂಟಿಗೆ ಅದು ಚುಚ್ಚಿತ್ತು.

"ನಾಣ್ಯ ಅಸಲಿ, ಅದ್ರಲ್ಲಿ ಎರಡು ಮಾತಿಲ್ಲ," ಎನ್ನುತ್ತಿದ್ದರು ಅಂಕಲ್. "ಅಲ್ಲೇ ಸಿಕ್ತು ಅನ್ನೋದಕ್ಕೆ ಏನು ಆಧಾರ?"

"ನಾನೇ ಆಧಾರ. ಬಗ್ಗಿ ತಗೊಂಡೋಳು ನಾನು."

"ಯಾವ ಪದರದಲ್ಲಿತ್ತು?"

"ಪದರ ಗಿದರ ನಂಗೊತ್ತಿಲ್ಲ. ಕಾಲ ಹತ್ರ ಇತ್ತು."

"ಮಣ್ಣಿನ ಒಂದು ಕಣ ಉಳಿಸಿದ್ರೂ ಅದು ಸಾಕ್ಷಿ ಹೇಳ್ತಿತ್ತು. ಸಾವಿರ ವರ್ಷ ಕಡಲಿಗೆ ತೊಳೆಯೋಕಾಗ್ದೇ ಇದ್ದದ್ದನ್ನ ನೀನು ಹುಣಸೆಹಣ್ಣಲ್ಲಿ ತೊಳೆದೆ."

"ಕೊಳೆ ಇಟ್ಕೊಂಡು ಪೂಜೆ ಮಾಡ್ತಾರಾ ಯಾರಾದ್ರೂ? ನೀನೇ ಹೇಳು ಮಗು," ಎಂದು ಆಂಟಿ ನನ್ನ ಕಡೆ ತಿರುಗುತ್ತಿದ್ದರು. ನಾನು ತಟ್ಟೆ ನೋಡುತ್ತಿದ್ದೆ.

ಆ ವರ್ಷ ಸಂಘ ಡಲ್ಲಾಸ್ ಪಕ್ಕದ ಕ್ಯಾರಲ್ಟನ್‌ನಲ್ಲಿ ಒಂದು ಪ್ರದರ್ಶನ ಇಟ್ಟುಕೊಂಡಿತು. ಪ್ರತಿ ನಾಣ್ಯದ ಪಕ್ಕ ಇಡುವ ಚೀಟಿಗಳನ್ನು ಬರೆಯುವ ಕೆಲಸ ಅಂಕಲ್‌ದು. ಪುರಾವೆ ಇಲ್ಲದಿದ್ದರೆ 'ಸಿಕ್ಕ ಸ್ಥಳ ತಿಳಿಯದು' ಎಂದೇ ಬರೆಯುವುದು ಅವರ ನಿಯಮ. ಹೆಂಡತಿಗಾಗಿ ಅದನ್ನು ಸಡಿಲಿಸುವವರಲ್ಲ ಅವರು. ಆಂಟಿ ಒಮ್ಮೆ ಪಾತ್ರೆ ಒರೆಸುತ್ತಾ ನನಗೆ ಮಾತ್ರ ಕೇಳುವಂತೆ ಅಂದರು, "ಬೇರೆಯವ್ರು ಸುಳ್ಳಿ ಅಂದ್ರೆ ತಡ್ಕೋತೀನಿ ಕಣೇ. ಇವರ ಕೈಬರಹದಲ್ಲಿ ಅದನ್ನ ಓದೋದು ಕಷ್ಟ."

ಲೋಹವನ್ನು ಗೀರದೆ ಪರೀಕ್ಷಿಸುವ ಉಪಕರಣ ನಮ್ಮ ವಿಶ್ವವಿದ್ಯಾಲಯದ ಲ್ಯಾಬಿನಲ್ಲಿತ್ತು. ಮಣ್ಣಿನ, ಕಡಲಿನ ಗುರುತೇನಾದರೂ ಉಳಿದಿದೆಯೇ ನೋಡೋಣ ಎಂದು ಕೇಳಿದೆ, ಪ್ರೊಫೆಸರ್ ಒಪ್ಪಿದರು. ನಾಣ್ಯವನ್ನು ಒಬ್ಬಂಟಿಯಾಗಿ ಕಳಿಸಲು ಆಂಟಿಗೆ ಮನಸ್ಸಿಲ್ಲ. ಆಗಸ್ಟ್‌ನ ಒಂದು ಬೆಳಿಗ್ಗೆ ಅವರೂ ನನ್ನ ಕಾರಿನಲ್ಲಿ ಆಸ್ಟಿನ್‌ಗೆ ಹೊರಟರು. ಅಂಕಲ್ ಕೊಟ್ಟ ಪ್ಲಾಸ್ಟಿಕ್ ಡಬ್ಬಿಯಿಂದ ನಾಣ್ಯವನ್ನು ತೆಗೆದು, ತಮ್ಮ ಬೆಳ್ಳಿಯ ಕುಂಕುಮದ ಭರಣಿಯಲ್ಲಿ ಹತ್ತಿ ಹಾಸಿ ಮಲಗಿಸಿದ್ದರು. "ಇವರಿಗೆ ಹೇಳ್ಬೇಡ," ಎಂದರು.

ದಾರಿಯಲ್ಲಿ ಒಂದು ಉದ್ಯಾನದ ಪಕ್ಕ ನಿಲ್ಲಿಸಿ, ಮರದ ಕೆಳಗೆ ಕೂತು ಆಂಟಿ ತಂದಿದ್ದ ಮೊಸರನ್ನ ತಿಂದೆವು. ಭರಣಿ ಕಾರಿನ ಮುಂದಿನ ಸೀಟಿನ ಮೇಲೇ ಉಳಿದಿತ್ತು, ನೇರ ಬಿಸಿಲಿನಲ್ಲಿ. ಎಂಜಿನ್ನೂ ಏಸಿಯೂ ಬಂದ್. ಊಟ, ಹರಟೆ ಎಲ್ಲ ಸೇರಿ ಒಂದು ಗಂಟೆಯಾದರೂ ಆಗಿರಬೇಕು. ಆ ದಿನ ಬಿಸಿಲು ನೂರು ಡಿಗ್ರಿ ಫ್ಯಾರನ್‌ಹೀಟ್ ಮೀರಿತ್ತು. ಟೆಕ್ಸಸ್‌ನಲ್ಲಿರುವವರಿಗೆ ಗೊತ್ತು, ಅಂಥ ಬಿಸಿಲಲ್ಲಿ ನಿಂತ ಕಾರಿನ ಸೀಟ್‌ಬೆಲ್ಟಿನ ಕೊಕ್ಕೆ ಮುಟ್ಟಿದರೂ ಕೈ ಸುಡುತ್ತದೆ. ಭರಣಿಯನ್ನು ಮುಟ್ಟಿದ ನಾನು ಕೈ ಹಿಂದೆಳೆದುಕೊಂಡೆ. ಆಂಟಿ ಸೆರಗಿನಲ್ಲಿ ಹಿಡಿದು ಎತ್ತಿ, ನಾಣ್ಯಕ್ಕೇನಾಯಿತೋ ಎಂದು ಮುಚ್ಚಳ ತೆಗೆದರು.

ಹತ್ತಿ ಒದ್ದೆಯಾಗಿತ್ತು. ನಾಣ್ಯದ ಮೇಲೆ ಸಣ್ಣ ಸಣ್ಣ ನೀರ ಹನಿಗಳಿದ್ದವು.

ಆಂಟಿ ಮುಟ್ಟಿದರು. ಅದನ್ನು ನನ್ನ ಅಂಗೈಗೆ ಹಾಕಿದರು. ತಣ್ಣಗಿತ್ತು. ಸ್ವಲ್ಪ ತಣ್ಣಗೆ ಅಲ್ಲ. ಫ್ರಿಜ್‌ನಿಂದ ಈಗಷ್ಟೇ ತೆಗೆದ ಚಮಚದ ಹಾಗೆ. ಇನ್ನೊಂದು ಕೈಯಿಂದ ಭರಣಿಯನ್ನು ಮತ್ತೆ ಮುಟ್ಟಿ ನೋಡಿದೆ, ಸುಡುತ್ತಿತ್ತು. ನಾಣ್ಯವನ್ನು ಕೈ ಬದಲಾಯಿಸಿ ನೋಡಿದೆ. ಆ ಕೈಗೂ ತಣ್ಣಗೇ.

"ಅವತ್ತೂ ಹೀಗೇ ಇತ್ತು," ಎಂದರು ಆಂಟಿ. "ದಂಡೆ ಮೇಲೆ ಎತ್ಕೊಂಡಾಗ. ಇಷ್ಟೇ ತಣ್ಣಗೆ." ಬೆರಳ ತುದಿಯನ್ನು ನಾಲಿಗೆಗೆ ತಾಗಿಸಿ, "ಉಪ್ಪು," ಎಂದರು.

ಆ ಹತ್ತಿಯನ್ನು ಲ್ಯಾಬಿಗೆ ಒಯ್ಯಬೇಕೆಂದು ನನಗೆ ಹೊಳೆಯುವಷ್ಟರಲ್ಲಿ, ಆಂಟಿ ಅದನ್ನು ಹಿಂಡಿ ಹುಲ್ಲಿನ ಮೇಲೆ ಎಸೆದಿದ್ದರು. ಸೆರಗಿನ ತುದಿಯಿಂದ ನಾಣ್ಯವನ್ನು ಫಳಫಳ ಒರೆಸಿ, ಕಣ್ಣಿಗೊತ್ತಿಕೊಂಡರು. ಎಸೆದದ್ದನ್ನು ಹುಡುಕಿದೆ, ಆಗಲೇ ಇರುವೆ ಮುತ್ತಿತ್ತು, ಅಲ್ಲೇ ಬಿಟ್ಟೆ. ನಾಣ್ಯ ಕೈಯಲ್ಲೇ ನಿಧಾನವಾಗಿ ಬೆಚ್ಚಗಾಯಿತು.

ಆಸ್ಟಿನ್ ತಲುಪಿ ಅಂಕಲ್‌ಗೆ ಫೋನ್ ಮಾಡಿದೆವು. ಎಲ್ಲ ಕೇಳಿಸಿಕೊಂಡು ಅವರು ಪ್ರಶ್ನೆ ಶುರುಮಾಡಿದರು. ಭರಣಿ ಏಸಿಯ ಗಾಳಿಗೆ ಎದುರಾಗಿತ್ತಾ? ಮೊಸರನ್ನದ ಡಬ್ಬಿಗೆ ಐಸ್ ಇಟ್ಟಿದ್ದಿರಾ, ಅದರ ಪಕ್ಕ ಇತ್ತಾ? ಐಸ್ ಇಟ್ಟಿರಲಿಲ್ಲ. ಉಪ್ಪಿನ ವಿಷಯಕ್ಕೆ ಮಾತ್ರ ಉತ್ತರ ಅವರಲ್ಲಿ ತಯಾರಿತ್ತು.

"ಅದು ಉಪ್ಪಿನಕಾಯಿ. ಕೈಲಿ ಊಟ ಮಾಡಿದಾಳಲ್ಲ."

"ಕೈ ತೊಳ್ದಿದ್ದೆ," ಎಂದರು ಆಂಟಿ.

"ಹತ್ತಿ ಎಲ್ಲಿ?"

"ಹಿಂಡಿ ಹುಲ್ಲಿಗೆ ಎಸೆದೆ," ಎಂದರು ಆಂಟಿ.

"ಸಾಕ್ಷಿ ಒರೆಸೋದ್ರಲ್ಲಿ ನಿನ್ನ ಮೀರಿಸೋರಿಲ್ಲ ಮಹರಾಯ್ತಿ," ಎಂದರು ಅಂಕಲ್. ಆಮೇಲೆ ನನಗೆ ಹೇಳಿದರು, "ಕಾರಣ ಗೊತ್ತಿಲ್ಲ ಅಂತ ಬರ್ಕೋಮ್ಮ. ಊಹೆ ಮಾಡಿ ಬರೀಬೇಡ."

ಲ್ಯಾಬಿನಲ್ಲಿ ನಾಣ್ಯ ಎಲ್ಲ ನಾಣ್ಯಗಳಂತೆಯೇ ನಡೆದುಕೊಂಡಿತು. ಬೆಳ್ಳಿ, ತಾಮ್ರ, ಒಂದಿಷ್ಟು ಸೀಸ. ಆ ಕಾಲಕ್ಕೆ ಒಪ್ಪುವ ಮಿಶ್ರಣ. ಆದರೆ ಸಂಗ್ರಾಹಕರ ಪೆಟ್ಟಿಗೆಯ ನಾಣ್ಯದಲ್ಲೂ ಅದೇ ಇರುತ್ತದೆ. ಮಣ್ಣಿನ, ಕಡಲಿನ ಗುರುತು ಏನೂ ಉಳಿದಿರಲಿಲ್ಲ. ಹುಣಸೆಹಣ್ಣು ತನ್ನ ಕೆಲಸ ಪೂರ್ತಿ ಮಾಡಿತ್ತು. ಕಾರಿನಲ್ಲಿ ಆದದ್ದನ್ನೂ ವರದಿಯಲ್ಲಿ ಸೇರಿಸಲೇ ಎಂದು ಆಂಟಿಯನ್ನು ಕೇಳಿದೆ.

"ಬೇಡ. ಸಿಕ್ತು ಅಂದಿದ್ದನ್ನೇ ನಂಬದೋರು ಇದನ್ನ ನಂಬ್ತಾರಾ? ನನ್ನ ಮಾತು ನಿಂತ್ರೆ ಅದರ ಪಾಡಿಗೆ ಅದು ನಿಲ್ಲಲಿ."

ಪ್ರದರ್ಶನದ ದಿನ ಕ್ಯಾರಲ್ಟನ್‌ನ ಆ ಸಭಾಂಗಣಕ್ಕೆ ಆಂಟಿಯ ಜೊತೆ ಹೋದೆ. ಅಂಕಲ್ ಹಿಂದಿನ ದಿನವೇ ಹೋಗಿ ಎಲ್ಲ ಜೋಡಿಸಿದ್ದರು. ಗಾಜಿನ ಪೆಟ್ಟಿಗೆಯ ಮುಂದೆ ಆಂಟಿ ಕನ್ನಡಕ ಹಾಕಿಕೊಂಡು ಬಗ್ಗಿದರು. ಚೀಟಿಯಲ್ಲಿ ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡದಲ್ಲಿ ಹೇಳಿದರೆ ಹೀಗೆ: ನಾರ್ವೆಯ ಬೆಳ್ಳಿ ಪೆನ್ನಿ, ಅಸಲಿ. ಮೇಯ್ನ್‌ನ ಕಡಲ ದಂಡೆಯಲ್ಲಿ ಸಿಕ್ಕಿತೆಂದು ಹೆಕ್ಕಿದವರ ಹೇಳಿಕೆ. ಬೇರೆ ಪುರಾವೆ ಇಲ್ಲ. ಹೆಕ್ಕಿದವರು ನನ್ನ ಹೆಂಡತಿ. ಅವಳು ಸುಳ್ಳು ಹೇಳಿದ್ದನ್ನು ಇಷ್ಟು ವರ್ಷಗಳಲ್ಲಿ ನಾನು ಕಂಡಿಲ್ಲ.

ಆಂಟಿ ಅದನ್ನು ಎರಡು ಸಲ ಓದಿದರು. ಆಮೇಲೆ, "ಹುಣಸೆಹಣ್ಣಿಂದು ಬರೆದಿಲ್ವಾ?" ಎಂದರು.

"ಕೆಳಗಿದೆ ನೋಡು. ಸಣ್ಣ ಅಕ್ಷರದಲ್ಲಿ," ಎಂದರು ಪಕ್ಕಕ್ಕೆ ಬಂದ ಅಂಕಲ್.

ನಿಯಮವನ್ನೂ ಮುರಿಯದೆ, ಹೆಂಡತಿಯನ್ನೂ ಬಿಟ್ಟುಕೊಡದೆ ಬರೆದ ಆ ಚೀಟಿಯಂಥದ್ದನ್ನು ನಾನು ಬೇರೆಲ್ಲೂ ಓದಿಲ್ಲ. ವಾದವೇನೂ ಮುಗಿದಿಲ್ಲ. ಆ ಸಂಜೆ ಮನೆಗೆ ಹೊರಡುವಾಗಲೇ ಮತ್ತೆ ಶುರುವಾಯಿತು.

ಆದರೆ ಅದಕ್ಕೂ ಮೊದಲು, ಜನ ಎಲ್ಲ ಹೋದ ಮೇಲೆ, ಅಂಕಲ್ ಗಾಜು ತೆಗೆದು ನಾಣ್ಯದ ಮೇಲೆ ಬೆರಳಿಟ್ಟು ನಿಂತದ್ದನ್ನು ನೋಡಿದೆ. ನಾನು ಹತ್ತಿರ ಬಂದದ್ದು ತಿಳಿದರೂ ಬೆರಳು ತೆಗೆಯಲಿಲ್ಲ.

"ಅವತ್ತು ನಿಜವಾಗ್ಲೂ ಅಷ್ಟು ತಣ್ಣಗಿತ್ತಾ?"

"ಹೌದು ಅಂಕಲ್."

ಅವರು ತಲೆಯಾಡಿಸಿ ಗಾಜು ಮುಚ್ಚಿದರು. ಅವರ ಬೆರಳಿಗೆ ಏನು ತಿಳಿಯಿತೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ನನ್ನ ಅಂಗೈಗೆ ಆ ಮಧ್ಯಾಹ್ನ ತಿಳಿದದ್ದಕ್ಕೆ ಕಾರಣವನ್ನು ನಾನು ಇನ್ನೂ ಹುಡುಕುತ್ತಿದ್ದೇನೆ.