ಸಿಗರೇಟು ಪ್ಯಾಕಿನೊಳಗಿನ ಆಟಗಾರ

ಅಕ್ಕ ಅಬುಧಾಬಿಯ ಖಲೀಫಾ ಸಿಟಿಯಿಂದ ಫೋನ್ ಮಾಡಿದಾಗ ನಾನು ಬರ್ ದುಬೈಯ ನನ್ನ ಸ್ಟುಡಿಯೋದಲ್ಲಿ ಯಾರದೋ ವೀಸಾ ಫೋಟೋ ತೆಗೆಯುತ್ತಿದ್ದೆ.

"ಪಕ್ಕದ ವಿಲ್ಲಾದ ಅಮೆರಿಕನ್ ಟೀಚರ್ ಖಾಯಂ ಊರಿಗೆ ಹೊರಟಿದ್ದಾಳೆ. ಮಗಳಿಗೆ ಒಂದು ಹಳೇ ಫೋಟೋ ಕೊಟ್ಟಿದ್ದಾಳೆ ಮಾರಾಯ, ಸಿಗರೇಟಿನ ಜಾಹೀರಾತು! ಸಣ್ಣ ಹುಡುಗಿಗೆ ಅದನ್ನು ಯಾಕೆ ಕೊಡುವುದು? ಎಂತದೋ ಉಂಟು ಇದರಲ್ಲಿ. ನೀನೊಮ್ಮೆ ಬಂದು ನೋಡು."

ಭಾನುವಾರ ಹೋದೆ. ಬೆರಳುದ್ದದ ರಟ್ಟಿನ ಮೇಲೆ ದಪ್ಪ ಮೀಸೆಯ ಬೇಸ್‌ಬಾಲ್ ಆಟಗಾರನೊಬ್ಬ ಬ್ಯಾಟು ಎತ್ತಿ ನಿಂತಿದ್ದ. ಕೆಳಗೆ ಸಿಗರೇಟಿನ ಹೆಸರು. ಹಿಂದೆ ಮೈದಾನವಿರಲಿಲ್ಲ, ಬಣ್ಣ ಬಳಿದ ಪರದೆಯಿತ್ತು. ಭೂತಗನ್ನಡಿ ಹಿಡಿದೆ. ಗಾಳಿಯಲ್ಲಿದ್ದ ಚೆಂಡಿನ ಮೇಲೆ ಸಣ್ಣ ದಾರ ಕಂಡಿತು.

"ಚೆಂಡನ್ನು ನೇತುಹಾಕಿದ್ದಾರೆ. ಸುಳ್ಳು ಫೋಟೋ," ಎಂದೆ.

"ನಾನು ಹೇಳಿದ್ದಲ್ವಾ?"

"ಇಟ್ಸ್ ನಾಟ್ ಫೇಕ್, ಮಾಮ," ಎನ್ನುತ್ತಾ ಅಕ್ಕನ ಮಗಳು ಕೈ ಚಾಚಿದಳು. ಅಕ್ಕ ಕೊಡಲಿಲ್ಲ.

ಒಂದು ವಿಷಯ ಮಾತ್ರ ನನಗೆ ತಾಳೆಯಾಗಲಿಲ್ಲ. ಈಚಿನ ಮುದ್ರಣವಾಗಿದ್ದರೆ ಭೂತಗನ್ನಡಿಯಡಿ ಅಚ್ಚಿನ ಚುಕ್ಕಿಗಳು ಕಾಣಬೇಕಿತ್ತು. ಇದು ರಟ್ಟಿಗೆ ಅಂಟಿಸಿದ ನಿಜವಾದ ಫೋಟೋ. ಮೋಸ ಮಾಡುವವರು ದಾರವನ್ನು ಹಾಗೇ ಬಿಡುತ್ತಾರೆಯೇ? ಅಕ್ಕನಿಗೆ ಹೇಳಲಿಲ್ಲ, ಅವಳಾಗಲೇ ಕಾರ್ಡು ಹಿಂತಿರುಗಿಸಲು ಎದ್ದಿದ್ದಳು. ನಾನೂ ಜೊತೆಗೆ ಹೊರಟೆ.

ಟೀಚರಮ್ಮನ ಮನೆ ತುಂಬ ಕಟ್ಟಿಟ್ಟ ಪೆಟ್ಟಿಗೆಗಳು. ನಾನು ದಾರದ ಮಾತೆತ್ತಿದೆ. ಅವರು ಬೇಸರಪಡಲಿಲ್ಲ.

"ನೂರು ವರ್ಷಕ್ಕೂ ಹಿಂದಿನ ಮಾತು, ಆಗಿನ ಕ್ಯಾಮೆರಾಗಳಿಗೆ ಹಾರುವ ಚೆಂಡು ಸಿಗುತ್ತಿರಲಿಲ್ಲ. ಅದಕ್ಕೇ ಸ್ಟುಡಿಯೋದಲ್ಲಿ ದಾರ ಕಟ್ಟಿ, ಆಟಗಾರನನ್ನು ಅಲುಗಾಡದೆ ನಿಲ್ಲಿಸುತ್ತಿದ್ದರು. ಆಮೇಲೆ ಕಾರ್ಡು ಜಾಹೀರಾತಾಗಿ ಸಿಗರೇಟು ಪ್ಯಾಕಿನೊಳಗೆ ಹೋಗುತ್ತಿತ್ತು. ಇವನು ನನ್ನ ಮುತ್ತಜ್ಜ. ಅವನ ಫೋಟೋ ಅಂತ ಉಳಿದಿರುವುದು ಇದೊಂದೇ."

"ಮತ್ತೆ ನಮ್ಮ ಹುಡುಗಿಗೆ ಯಾಕೆ?" ಅಕ್ಕ ಕೇಳಿಯೇ ಬಿಟ್ಟಳು.

"ನನಗೆ ಮಕ್ಕಳಿಲ್ಲ. ನಿಮ್ಮ ಮಗಳು ಶಾಲೆಯ ಸಾಫ್ಟ್‌ಬಾಲ್ ಮುಗಿಸಿ ಇಲ್ಲಿಗೆ ಬಂದಾಗಲೆಲ್ಲ ಇವನನ್ನು ನೋಡಿ ಬ್ಯಾಟು ಹಿಡಿಯುವುದನ್ನು ತಿದ್ದಿಕೊಳ್ಳುತ್ತಿದ್ದಳು. ಬೇರೆ ಯಾರೂ ಇವನನ್ನು ಅಷ್ಟು ನೋಡಿದ್ದಿಲ್ಲ." ನನ್ನತ್ತ ತಿರುಗಿ, "ಆದರೆ ನಿಮ್ಮಿಂದ ಒಂದು ಸಹಾಯ ಬೇಕಿತ್ತು," ಎಂದರು.

ಅಕ್ಕ ಮೊಣಕೈಯಿಂದ ನನ್ನನ್ನು ತಿವಿದು, "ಈಗ ಬಂತು ನೋಡು," ಎಂದು ತುಳುವಿನಲ್ಲಿ ಪಿಸುಗುಟ್ಟಿದಳು.

"ನಿಮ್ಮದು ಸ್ಟುಡಿಯೋ ಅಂತೆ. ಹೊರಡುವ ಮುಂಚೆ ಇವನ ಜೊತೆ ನನ್ನದೊಂದು ಫೋಟೋ ತೆಗೆಯುತ್ತೀರಾ?"

ಅಕ್ಕ ತಲೆ ತಗ್ಗಿಸಿದಳು. ನಾನು ಕಾರಿನಿಂದ ಕ್ಯಾಮೆರಾ ತಂದೆ. ಟೀಚರಮ್ಮ ಪೆಟ್ಟಿಗೆಯೊಂದರ ಮೇಲೆ ಕುಳಿತು ಕಾರ್ಡನ್ನು ಕೆನ್ನೆಯ ಪಕ್ಕ ಹಿಡಿದರು. ಬೆಳಕು ಸಾಲದು ಎಂದು ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಎದ್ದು ಹೋಗಿ ಕಿಟಕಿಯ ಪರದೆ ಸರಿಸಿದಳು. ನನ್ನ ಕೆಲಸ ಮುಗಿಯುವವರೆಗೂ ಅದನ್ನು ಹಿಡಿದೇ ನಿಂತಿದ್ದಳು.