ಅಪ್ಪನ ಬೆಂಚಿಗೆ ‘ಫಾರಿನ್ ದುಡ್ಡು’

“ಫಾರಿನ್ ದುಡ್ಡು ಬೇಡಮ್ಮ. ಕಾನೂನು ಬಿಗಿ ಆಗಿದೆ, ಸುಮ್ನೆ ನಾವ್ ಸಿಕ್ಕಾಕ್ಕೊಳ್ತೀವಿ” ಎಂದು ಜಕ್ಕೂರಿನ ನಮ್ಮ ಬಡಾವಣೆ ಸಂಘದ ಕಾರ್ಯದರ್ಶಿ ಕೈಮುಗಿದೇಬಿಟ್ಟರು. ಮಸ್ಕತ್‌ನಲ್ಲಿ ನರ್ಸ್ ಆಗಿರುವ ಅಕ್ಕ ರಜೆಗೆ ಬಂದಿದ್ದಳು. ಅಪ್ಪನ ನೆನಪಿಗೆ ಪಾರ್ಕಿನಲ್ಲಿ ಕಲ್ಲುಬೆಂಚು ಹಾಕಿಸುವುದು ಅವಳ ಆಸೆ. ತನ್ನ ಭಾರತದ ಪಾಸ್‌ಪೋರ್ಟನ್ನೇ ತೆಗೆದು ತೋರಿಸಿದಳು. ನಮ್ಮ ದೇಶದ ಪ್ರಜೆ ಹೊರಗೆ ದುಡಿದು ಕೊಟ್ಟರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ ಎಂದು ನಾನೂ ಗಂಟಲು ಹರಿದುಕೊಂಡೆ. ಅವರು ನನ್ನತ್ತ ತಿರುಗಿ, “ನಿಮ್ ಹೆಸ್ರಲ್ಲಿ ಕೊಟ್ಬಿಡಿ ಸಾರ್, ತಲೆನೋವೇ ಇರಲ್ಲ” ಎಂದರು. ರಜೆ ಮುಗಿಯುತ್ತಾ ಬಂದಿದ್ದ ಅಕ್ಕ ಆಗಲಿ ಎಂದು ದುಡ್ಡನ್ನು ನನ್ನ ಕೈಗಿತ್ತಳು.

ಈಗ ಬೆಂಚಿನಲ್ಲಿ ಅಪ್ಪನ ಹೆಸರಿನ ಕೆಳಗೆ ದಾನಿ ಎಂದು ಕೆತ್ತಿರುವುದು ಬಿಡಿಗಾಸೂ ಕೊಡದ ನನ್ನ ಹೆಸರನ್ನು. ಅಕ್ಕ ಫೋಟೊ ಕೇಳುತ್ತಲೇ ಇದ್ದಾಳೆ, ನಾನಿನ್ನೂ ಕಳಿಸಿಲ್ಲ.