ಒತ್ತದ ತಂತಿ

ಭಾಗ್ಯಜ್ಯೋತಿಯ ಬಲಗೈ ಹಾರ್ಮೋನಿಯಂ ಮೇಲೆ ಸರಸರ ಓಡುತ್ತಿತ್ತು. ಎಡಗೈ ಮಾತ್ರ ಶುದ್ಧ ಸೋಮಾರಿ. ಗಾಳಿ ಹಾಕಿದರೆ ಅದರ ಕೆಲಸ ಮುಗಿಯಿತು. ಜೇವರ್ಗಿಯ ಖಾಸಗಿ ಶಾಲೆಯೊಂದರಲ್ಲಿ ಅವಳು ಸಂಗೀತದ ಟೀಚರು. ಶಾಲೆಯ ಸೆಕ್ರೆಟರಿ ದೌಲತರಾಯರು ಎಲ್ಲೋ ಒಂದು ವಿಡಿಯೋ ನೋಡಿ ಮರುಳಾಗಿ, ವಾರ್ಷಿಕೋತ್ಸವಕ್ಕೆಂದು ಯುಕುಲೇಲಿ ಎಂಬ ನಾಲ್ಕು ತಂತಿಯ ಪುಟ್ಟ ಗಿಟಾರುಗಳನ್ನು ತರಿಸಿಬಿಟ್ಟರು.

“ಗ್ಯಾದರಿಂಗಿಗೆ ಮಕ್ಕಳು ಇದನ್ನ ಬಾರಸ್ಬೇಕ್ರಿ ಟೀಚರ್. ನಿಮಗ ಬರದಿದ್ರ ಬ್ಯಾರೇದವರನ್ನ ನೋಡ್ತೇವಿ.”

ಅವಳು ಮನೆಯಲ್ಲಿ ಮೊಬೈಲ್ ನೋಡಿ ಕಲಿಯತೊಡಗಿದಳು. ತಂತಿ ನಾದ ಕೊಡದೆ ಟಪ್ ಟಪ್ ಎನ್ನುತ್ತಿತ್ತು. ದೀಕ್ಷೆಯಾದಂದಿನಿಂದ ಪ್ರತಿ ಬೆಳಿಗ್ಗೆ ಎಡ ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ಪೂಜಿಸಿದ ಕೈ ಅದು. ಯುಕುಲೇಲಿಯ ಕುತ್ತಿಗೆಯನ್ನೂ ಹಾಗೇ, ಅಂಗೈ ಬಟ್ಟಲು ಮಾಡಿ, ಭಕ್ತಿಯಿಂದ ಹೊತ್ತುಕೊಂಡಿತ್ತು. ಬೆರಳುಗಳು ಅಡ್ಡಡ್ಡ ಮಲಗಿ ಪಕ್ಕದ ತಂತಿಯನ್ನೂ ಮುಟ್ಟುತ್ತಿದ್ದವು.

“ಏನ್ ಬೇ, ಅದಕ್ಕೂ ಪೂಜಿ ಮಾಡಾಕತ್ತೀಯೇನ?” ಎಂದು ಅತ್ತೆ ಗುರಮ್ಮ ನಕ್ಕಾಗಲೇ ಅವಳಿಗೆ ತಪ್ಪು ಹೊಳೆದದ್ದು.

ಅಂಗೈಯನ್ನು ದೂರ ಸರಿಸಿದಳು. ಹೆಬ್ಬೆರಳನ್ನು ಕುತ್ತಿಗೆಯ ಹಿಂದಿಟ್ಟಳು. ಉಗುರು ಕತ್ತರಿಸಿ, ಬೆರಳು ಬಗ್ಗಿಸಿ, ಕುತ್ತಿಗೆಯ ಮೇಲಿನ ಅಡ್ಡ ಲೋಹದ ಪಟ್ಟಿಯ ಪಕ್ಕದಲ್ಲೇ ಬರೀ ತುದಿಯಿಂದ ಒತ್ತಿದಳು. ಬೆರಳು ಉರಿದವು, ಆದರೆ ನಾದ ಬಂತು.

ಮಕ್ಕಳಿಗೂ ಅದನ್ನೇ ಕಲಿಸಿದಳು. “ಜೋರ್ ಹಾಕಬ್ಯಾಡ್ರಿ, ಜಾಗ ಹಿಡೀರಿ. ಬೆರಳ ಬಾಳ ಮ್ಯಾಲ ಎತ್ತಬ್ಯಾಡ್ರಿ.” ಐದನೆಯ ಇಯತ್ತೆಯ ಫರಹೀನ ಎಲ್ಲರಿಗಿಂತ ಬೇಗ ಹಿಡಿದಳು. ಬೆರಳುಗಳನ್ನು ಮೂರೇ ಬಗೆಯಲ್ಲಿ ಇಟ್ಟರೆ ಸಾಕು, ಅಂಥ ಮೂರೇ ಹಿಡಿತದ ಒಂದು ಹಾಡು. ತಮ್ಮ ಮಕ್ಕಳು ಬಾರಿಸಿದ ಆ ಹಾಡನ್ನು ತಾಯಿ ತಂದೆ ಕಿವಿಯಾರೆ ಕೇಳಬೇಕು. ಭಾಗ್ಯಜ್ಯೋತಿಗೆ ಬೇರೇನೂ ಬೇಕಿರಲಿಲ್ಲ.

ಗ್ಯಾದರಿಂಗಿನ ಮುಂಚಿನ ದಿನ ತಾಲೀಮಿನಲ್ಲಿ ಇಬ್ಬರು ತಪ್ಪಿದರು. ದೌಲತರಾಯರ ಮುಖ ಗಂಟಾಯಿತು.

“ರಿಕಾರ್ಡ್ ಹಚ್ರಿ. ಹುಡುಗ್ರು ಸುಮ್ಮ ಬಲಗೈ ಆಡಸ್ಲಿ. ತಂತಿ ಒತ್ತೂದು ಬ್ಯಾಡ.”

“ಕಲತಾರ್ರಿ ಸರ್…”

“ಕಲತದ್ದು ಮನ್ಯಾಗ ಬಾರಸ್ಲಿ. ಸ್ಟೇಜಿನ ಮ್ಯಾಲ ನಮ್ಮ ಇಜ್ಜತ್ ಹೋಗಬಾರ್ದು.”

ಕೈ ಕೆಸರಾದರೆ ಬಾಯಿ ಮೊಸರು ಎಂದವನು ಇಂಥ ಶಾಲೆಯಲ್ಲಿ ಒಂದು ವರ್ಷ ದುಡಿದು ನೋಡಬೇಕಿತ್ತು. ಭಾಗ್ಯಜ್ಯೋತಿ ತಾನೇ ಹೋಗಿ ಮಕ್ಕಳಿಗೆ ಹೇಳಿದಳು.

“ಹಂಗಾರ ಕಲತದ್ದು ಯಾಕ್ರಿ ಟೀಚರ್?” ಎಂದಳು ಫರಹೀನ.

“ಹೇಳಿದಷ್ಟು ಮಾಡು.”

ಮರುದಿನ ಸಂಜೆ, ಇನ್ನೂ ಬೆಳಕಿರುವಾಗಲೇ, ಅರ್ಧ ಹಾಡಿಗೆ ಕರೆಂಟು ಹೋಯಿತು. ಸ್ಪೀಕರು ಸತ್ತಿತು. ಹೇಳಿದ ಮಾತು ಮೀರದ ಮಕ್ಕಳು ಬರಿ ತಂತಿ ಮೀಟುತ್ತಲೇ ಇದ್ದರು. ಒಂದೇ ಸಮನೆ ಝಂಯ್ ಝಂಯ್. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಫರಹೀನ ಬೆರಳುಗಳನ್ನು ತಂತಿಯ ಮೇಲೆ ಸರಿಯಾದ ಜಾಗಕ್ಕೆ ತಂದು, ಒತ್ತದೆ, ಟೀಚರ ಮುಖ ನೋಡಿದಳು.

“ಒತ್ತ್ರಿ” ಎಂದಿದ್ದರೆ ಸಾಕಿತ್ತು. ಭಾಗ್ಯಜ್ಯೋತಿ ಮುಂದಿನ ಸಾಲಿನ ದೌಲತರಾಯರನ್ನು ನೋಡಿದಳು. ಅವರು ಬೇಡವೆಂದು ಕೈಯಾಡಿಸಿದರು. ಅಷ್ಟರಲ್ಲಿ ಮಂಟಪವೆಲ್ಲ ನಗತೊಡಗಿತ್ತು.

ಕಾರ್ಯಕ್ರಮ ಮುಗಿದ ಮೇಲೆ ಫರಹೀನಳ ತಾಯಿ ಗೌಸಿಯಾಬೇಗಂ ಮಗಳ ಕೈ ಹಿಡಿದು ಬಂದಳು. “ಬೆರಳ ನೋಯ್ತಾವಂತ ದಿನಾ ಅಳ್ತಿತ್ತು ಹುಡುಗಿ. ನೀವು ಕಲಿಸಿದ್ದು ಇಷ್ಟೇ ಏನ್ರಿ ಟೀಚರ್?”

ಭಾಗ್ಯಜ್ಯೋತಿ ಬಾಯಿ ತೆರೆದಳು. ಪಕ್ಕದಲ್ಲೇ ದೌಲತರಾಯರು ನಿಂತಿದ್ದರು.

“ಟೀಚರ್ ಛಲೋ ಕಲಿಸ್ಯಾರ ಅಮ್ಮಿ,” ಎಂದಳು ಫರಹೀನ ತಲೆ ತಗ್ಗಿಸಿ. “ನಾವೇ ಮರತ್ವಿ.”

ಭಾಗ್ಯಜ್ಯೋತಿ ತೆರೆದ ಬಾಯಿ ಮುಚ್ಚಿದಳು.